ಎಡಗೆನ್ನೆಯ ಗುಳಿ

ಟಿಕ್, ಟಿಕ್, ಟಿಕ್. ಸ್ವಲ್ಪ ತಡೆದು ಮತ್ತೊಂದು ಟಿಕ್.

ಉಗುರಿನಿಂದ ತಗಡಿನ ಡಬ್ಬಿಯ ಮುಚ್ಚಳ ಬಡಿಯುವ ಸಪ್ಪಳ ಅದು. ಮೆಹಕರದ ಗಂಡನ ಮನೆಯಲ್ಲಿ ನನಗೆ ಬೆಳಗಾಗುತ್ತಿದ್ದುದು ಆ ಸಪ್ಪಳದಿಂದ. ಹಾಲು ಹಿಂಡುವ ಸರ್ ಸರ್, ಬಾವಿಯ ಗಾಲಿಯ ಕಿರುಗುಟ್ಟು, ಭಾವನವರ ಕೆಮ್ಮು, ಎಲ್ಲ ಅದರ ನಂತರ. ಈಗಲೂ ಬೀದರಿನ ನನ್ನ ಮನೆಯಲ್ಲಿ, ನಸುಕಿನ ಅರೆನಿದ್ದೆಯಲ್ಲಿ, ಹಿತ್ತಲಿನ ತಗಡಿನ ಮೇಲೆ ಒಂದು ಬೇವಿನ ಹಣ್ಣು ಬಿದ್ದರೆ ಸಾಕು, ನನಗೆ ಮತ್ತೆ ಇಪ್ಪತ್ತೆರಡು ವರ್ಷ. ಏಳಬೇಕು, ಸೆರಗು ಸರಿ ಮಾಡಿಕೊಳ್ಳಬೇಕು, ತಡವಾದರೆ ಅಕ್ಕ ನಗುತ್ತಾಳೆ. ಎದ್ದು ಕಾಲು ಕೆಳಗಿಟ್ಟಾಗ ಮಂಡಿ ನೆನಪು ಮಾಡಿಕೊಡುತ್ತದೆ, ಮೈ ಡಿಯರ್, ಅದೆಲ್ಲ ಯಾವ ಕಾಲದ್ದು.

ಡಬ್ಬಿಯಲ್ಲಿ ಇರುತ್ತಿದ್ದುದು ಮಿಶ್ರಿ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗಾಗುವ ತನಕ ಹುರಿದು ನುಣ್ಣಗೆ ಅರೆದ ಪುಡಿ. ನಮ್ಮ ಕಡೆಯ ಹೆಂಗಸರು ಅದನ್ನು ಬೆರಳಿಗೆ ಹಚ್ಚಿಕೊಂಡು ಹಲ್ಲಿಗೆ ತಿಕ್ಕುತ್ತಾರೆ, ತಿಕ್ಕಿ ಒಂದಿಷ್ಟು ಗಲ್ಲದ ಸಂದಿಯಲ್ಲಿ ಇಟ್ಟುಕೊಳ್ಳುತ್ತಾರೆ. ಗಂಡಸರ ಬೀಡಿಗೆ ಚಟ ಅಂತ ಹೆಸರಿದೆ. ಇದಕ್ಕೆ ಆ ಹೆಸರೂ ಇಲ್ಲ. ಹಲ್ಲು ತಿಕ್ಕೋದು, ಅಷ್ಟೇ. ತಾಯಿಯ ಬೆರಳಿನಿಂದ ಮಗಳ ಬೆರಳಿಗೆ ಬರುತ್ತದೆ. ಅಕ್ಕನಿಗೆ ಬಂದದ್ದು ಔರಾದ ಕಡೆಯ ಅವಳ ತವರಿನಿಂದ, ಮೈನೆರೆಯುವ ಮೊದಲೇ.

ಅಕ್ಕ ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ನಾನು ಬೀದರಿನ ಕಾನ್ವೆಂಟಿನಲ್ಲಿ ಕಲಿತವಳು. ಸಿಸ್ಟರ್‌ಗಳು ನನಗೆ ನೇರ ಕೂಡುವುದು, ಸ್ಪೂನಿನಲ್ಲಿ ಸಪ್ಪಳವಿಲ್ಲದೆ ಸಾರು ಕುಡಿಯುವುದು, ಡಿಕ್ಟೇಶನ್‌ನಲ್ಲಿ ಒಂದು ಕಾಮಾ ಕೂಡ ಬಿಡದೆ ಬರೆಯುವುದು, ಇಷ್ಟು ಕಲಿಸಿ ಕಳಿಸಿದ್ದರು. ರೊಟ್ಟಿ ಬಡಿಯುವುದು ಕಲಿಸಿರಲಿಲ್ಲ. ಮೊದಲ ದಿನ ನನ್ನ ರೊಟ್ಟಿ ನೋಡಿ ಅಕ್ಕ ಅಂದಳು, "ಇದೇನ ತಂಗಿ, ಮಹಾರಾಷ್ಟ್ರದ ನಕಾಶೀನಾ?" ನಕ್ಕಾಗ ಅವಳ ಎಡಗೆನ್ನೆಯಲ್ಲಿ ಒಂದು ಗುಳಿ ಬಿತ್ತು. ಎಡಗಡೆ ಮಾತ್ರ. ಬಲಗಡೆ ಇಲ್ಲ. ಅಪರಿಚಿತ ಮನೆಯಲ್ಲಿ ನಾನು ಮೊದಲು ಗುರುತು ಹಿಡಿದದ್ದು ಆ ಗುಳಿಯನ್ನು. ಗುಳಿ ಬಿದ್ದರೆ ನಾನು ಕ್ಷೇಮ, ಯೂ ಸೀ.

ಅಂದಿನಿಂದ ನನ್ನ ಹೆಸರು ಕಾನ್ವೆಂಟ್. "ಏ ಕಾನ್ವೆಂಟ್, ಏಳು. ಹೊತ್ತು ನಿನ್ನ ಇಂಗ್ಲಿಷಿಗಿ ಕಾಯಂಗಿಲ್ಲ." ಟಿಕ್, ಟಿಕ್, ಟಿಕ್.

ಅವಳಿಗೆ ಇನ್ನೊಂದು ವಿದ್ಯೆ ಇತ್ತು. ಒಡಪು. ಮದುವೆ, ಸೀಮಂತ, ತೊಟ್ಟಿಲು, ಎಲ್ಲಿ ಹೆಂಗಸರು ಕೂಡಿದರೂ ಗಂಡನ ಹೆಸರನ್ನು ಪ್ರಾಸದೊಳಗೆ ಹೆಣೆದು ಹೇಳಬೇಕು, ಹೇಳದೆ ಬಾಗಿಲು ದಾಟಲು ಬಿಡುವುದಿಲ್ಲ. ಉಳಿದವರು ತಾಯಂದಿರು ಹೇಳಿಕೊಟ್ಟದ್ದನ್ನೇ ಒಪ್ಪಿಸುತ್ತಿದ್ದರು. ಅಕ್ಕ ನಿಂತ ಕಾಲಲ್ಲಿ ಹೊಸದು ಕಟ್ಟುತ್ತಿದ್ದಳು. ಬಸ್ಸು ಬಂದರೆ ಬಸ್ಸು, ಎದುರಿಗೆ ಎಮ್ಮೆ ನಿಂತಿದ್ದರೆ ಎಮ್ಮೆ. "ಭಾಲ್ಕಿ ಬಸ್ಸಿಗಿ ಹಸಿರು ಪಟ್ಟಿ, ಇವರ ಹೆಸರು ಹೇಳ್ಲಾಕ ನಾ ಭಾಳ ಗಟ್ಟಿ." 'ಇವರ' ಅನ್ನುವಲ್ಲಿ ಭಾವನವರ ಹೆಸರಿತ್ತು, ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಊರಾಚೆಯಿಂದಲೂ ಅವಳನ್ನು ಕರೆಯಲು ಬರುತ್ತಿದ್ದರು, ಮದುಮಗಳಿಗೆ ಒಂದು ಕಟ್ಟಿ ಕೊಡ್ರಿ ಅಂತ. ಈ ಸಂಗತಿಯನ್ನು ನಾನು ಯಾವತ್ತೂ ಮರೆಯಬಾರದಿತ್ತು. ಆದರೆ ಅಗತ್ಯವಿದ್ದಾಗಲೇ ಮರೆತೆ.

ವರ್ಷಗಳು ಹೋದವು. ನನ್ನ ಗಂಡನ ನೌಕರಿಗಾಗಿ ನಾವು ಬೀದರಿಗೆ ಬಂದೆವು, ನಾನು ಸಾಲಿಯಲ್ಲಿ ಇಂಗ್ಲಿಷ್ ಟೀಚರ್ ಆದೆ, ರಿಟೈರ್ ಆದೆ, ಅವರು ಹೋದರು. ಅಕ್ಕ ಮತ್ತು ಭಾವನವರು ಮೆಹಕರದಲ್ಲೇ ಇದ್ದರು. ಒಂದು ಸಲ ಗಾಂಧಿ ಗಂಜಿನ ಮಾರುಕಟ್ಟೆಗೆ ಹಿಂದಿನ ವರ್ಷದ ತೊಗರಿ ಹಾಕಲು ಬಂದವರು ನನ್ನ ಮನೆಗೆ ಊಟಕ್ಕೆ ಬಂದರು. ಅಕ್ಕ ರೊಟ್ಟಿಯನ್ನು ಚೂರು ಮಾಡಿ ಬೇಳೆಯಲ್ಲಿ ನೆನೆಹಾಕಿ, ಬಲಗಡೆಯಿಂದ ಮಾತ್ರ ಅಗಿಯುತ್ತಿದ್ದಳು.

"ಏನಾಯ್ತಕ್ಕ?"

"ಹಲ್ಲು. ಎಲ್ಡು ತಿಂಗಳಾತು. ಮಿಶ್ರಿ ಒತ್ತಿ ಇಟ್ರ ಸುಮ್ಕಾಗ್ತದ."

ನಿಜ, ಸುಮ್ಮನಾಗುತ್ತಿತ್ತು. ಆ ಪುಡಿ ಒಸಡನ್ನು ಜೋಮು ಹಿಡಿಸುತ್ತದೆ. ನೋವು ಹೆಚ್ಚಾದಷ್ಟೂ ಅವಳು ಮಿಶ್ರಿ ಹೆಚ್ಚು ಮಾಡಿದ್ದಳು. ನಮ್ಮ ಹೆಂಗಸರು ಹೀಗೇ ಮಾಡುತ್ತಾರೆ, ಗಾಯ ಮಾಡಿದ್ದನ್ನೇ ಗಾಯಕ್ಕೆ ಹಚ್ಚುತ್ತಾರೆ, ಮತ್ತು ಅದು ತಂಪು ಅನ್ನಿಸುತ್ತದೆ.

ಭಾಲ್ಕಿಯ ಹಲ್ಲಿನ ಡಾಕ್ಟರ್ ಹಲ್ಲು ಕೀಳಲಿಲ್ಲ. ಎಡಗೆನ್ನೆಯ ಒಳಭಾಗದಲ್ಲಿ, ಒಸಡಿಗೆ ತಾಗಿ ಇದ್ದ ಹುಣ್ಣಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ ರಿಪೋರ್ಟ್ ಬಂತು. ಇಂಗ್ಲಿಷಿನಲ್ಲಿತ್ತು, ಹಾಗಾಗಿ ನನ್ನ ಹತ್ತಿರ ಬಂತು. ನಮ್ಮ ಮನೆತನದಲ್ಲಿ ಇಂಗ್ಲಿಷ್ ಕಾಗದ ಎಲ್ಲಿ ಬಂದರೂ ಕೊನೆಗೆ ನನ್ನ ಟೇಬಲ್ಲಿಗೇ ಬರುತ್ತದೆ. ಬೋರಿನ ಮೋಟಾರಿನ ಗ್ಯಾರಂಟಿ ಕಾರ್ಡು, ಬೀಜದ ಚೀಲದ ಮೇಲಿನ ಬರಹ, ಬ್ಯಾಂಕಿನ ಪತ್ರ. ನಾನು ಕನ್ನಡಕ ಏರಿಸಿಕೊಂಡು ಓದುತ್ತೇನೆ, ಅವರು ಚಹಾ ಕುಡಿಯುತ್ತ ನನ್ನ ಮುಖ ನೋಡುತ್ತಾರೆ. ಅಂದು ಭಾವನವರು ಚಹಾ ಮುಟ್ಟಲಿಲ್ಲ.

"ಅದೇ ಏನು?" ಅಂದರು.

"ಅದೇ," ಅಂದೆ. ಆ ಶಬ್ದವನ್ನು ನಾವಿಬ್ಬರೂ ಆಡಲಿಲ್ಲ. ಅಕ್ಕ ಅಡುಗೆಮನೆಯಲ್ಲಿ ನನ್ನ ಸ್ಟೀಲ್ ಡಬ್ಬಿಗಳನ್ನು ಒಂದೊಂದೇ ತೆರೆದು ಮೂಸಿ ನೋಡುತ್ತ, "ಈ ಹೆಣ್ಮಗಳಿಗಿ ಜೀರಿಗಿ ಯಾವುದು ಸೋಂಪು ಯಾವುದು ಇನ್ನಾ ತಿಳದಿಲ್ಲ," ಅಂತ ಗೊಣಗುತ್ತಿದ್ದಳು.

ಪಕ್ಕದ ಮನೆಯ ಖಾಲಾ ಗೋಡೆಯ ಮೇಲಿಂದ ಎಲ್ಲ ಕೇಳಿಸಿಕೊಂಡಳು. ಅವಳ ಗಂಡನಿಗೆ ಕೆಲವು ವರ್ಷದ ಹಿಂದೆ ಗಂಟಲಿನದು ಆಗಿತ್ತು, ಧ್ವನಿಪೆಟ್ಟಿಗೆಯಲ್ಲಿ. "ಚೀರ್‌ಫಾಡ್ ನಕ್ಕೋ ಬಾಜಿ, ನಕ್ಕೋ!" ಅಂದಳು. "ಹಮಾರೇ ಉನೋಕು ಖಾಲಿ ಕರೆಂಟ್ ದಿಯೇ. ಅಬ್ ದೇಖೋ, ಗಲ್ಲಿ ಭರ್ ಚಿಲ್ಲಾತೇ." ಕೊಯ್ಯಿಸಬೇಡಿ, ನಮ್ಮವರಿಗೆ ಬರೀ ಕರೆಂಟ್ ಕೊಟ್ಟರು, ಈಗ ಗಲ್ಲಿ ತುಂಬ ಚೀರುತ್ತಾರೆ ಅಂತ. ಹೌದು, ಅವರು ಚೀರುವುದನ್ನು ನಾನು ದಿನಾ ಕೇಳುತ್ತಿದ್ದೆ, ತರಕಾರಿಯವನ ಜೊತೆ. ರೇಡಿಯೇಶನ್ ಅನ್ನುವುದಕ್ಕೆ ನಮ್ಮಲ್ಲಿ ಕರೆಂಟ್ ಅನ್ನುತ್ತಾರೆ. ಕತ್ತಿಯಿಲ್ಲ, ಹೊಲಿಗೆಯಿಲ್ಲ, ಮಲಗಿ ಎದ್ದು ಬಂದರೆ ಆಯಿತು. ನನಗೆ ಅದು ಬೆಳಕಿನ ಹಾಗೆ ಕಂಡಿತು. ಚರ್ಚಿನ ಗಾಜಿನ ಕಿಟಕಿಯಿಂದ ಇಳಿಯುತ್ತಿತ್ತಲ್ಲ, ಬಣ್ಣದ ಬೆಳಕು, ಸಿಸ್ಟರ್‌ನ ಬಿಳಿ ತೋಳಿನ ಮೇಲೆ. ಹಾಗೆ.

ಭಾಲ್ಕಿಯ ಡಾಕ್ಟರ್ ಚೀಟಿಯಲ್ಲಿ ಬರೆದಿದ್ದದ್ದು ತಲೆ ಮತ್ತು ಕುತ್ತಿಗೆಯ ಸರ್ಜನ್‌ಗೆ ತೋರಿಸಿ ಅಂತ. ನಾನು ಹುಡುಕಿದ್ದು ಕರೆಂಟಿನ ಡಾಕ್ಟರನ್ನು. ಪರಿಚಯದವರು ಒಬ್ಬರ ಹೆಸರು ಹೇಳಿದರು. ಹೋದೆವು. ಅಕ್ಕ ಹೊರಗೆ ಬೆಂಚಿನ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ತೊಡೆಯ ಮೇಲೆ ಬುತ್ತಿಯ ಗಂಟಿಟ್ಟುಕೊಂಡು ಕೂತಳು. ಒಳಗೆ ನಾನು ಮತ್ತು ಭಾವನವರು. ಯಾರೂ ಹಾಗೆ ಮಾಡಿ ಅಂತ ಹೇಳಿರಲಿಲ್ಲ. ನಮ್ಮಲ್ಲಿ ರೂಢಿಯೇ ಹಾಗೆ. ಕಾಯಿಲೆ ಯಾರದೋ ಅವರು ಹೊರಗೆ, ಮಾತು ಬಲ್ಲವರು ಒಳಗೆ.

ಆ ಡಾಕ್ಟರದು ಎಂಥ ಇಂಗ್ಲಿಷ್! ಸಿಸ್ಟರ್‌ಗಳು ಹೋದ ಮೇಲೆ ಅಂಥ ಉಚ್ಚಾರ ನಾನು ಕೇಳಿರಲಿಲ್ಲ. ಪ್ರತಿ ಶಬ್ದದ ಕೊನೆಯ ಅಕ್ಷರ ಇಸ್ತ್ರಿ ಮಾಡಿದ ಹಾಗೆ. ನಾನೂ ನೆಟ್ಟಗೆ ಕೂತು, 'ವುಡ್ ಯೂ ಕೈಂಡ್ಲಿ' ಅಂತ ಶುರುಮಾಡಿದೆ. ಅರ್ಧ ಗಂಟೆ ಮಾತಾಡಿದೆವು. ಹೊರಗೆ ಬರುವಷ್ಟರಲ್ಲಿ ನನಗೆ ಖಾತ್ರಿಯಾಗಿತ್ತು, ಇವರೇ ಸರಿ, ಐ ವಾಸ್ ಸೋ ಶ್ಯೂರ್. ಒಬ್ಬ ಸ್ಪೆಶಲಿಸ್ಟನ್ನು ನಾನು ಆರಿಸಿದ್ದು ಅವರ ವ್ಯಾಕರಣ ನೋಡಿ.

ಪಾಪ, ಅವರು ತಪ್ಪು ಹೇಳಿರಲಿಲ್ಲ. ಸ್ಪಷ್ಟವಾಗಿ ಹೇಳಿದ್ದರು. ಬಾಯಿಯದಕ್ಕೆ ಸಾಮಾನ್ಯವಾಗಿ ಮೊದಲು ಆಪರೇಶನ್, ಅದರ ನಂತರ ಬೇಕಾದರೆ ನನ್ನ ಕೆಲಸ. ದವಡೆಯ ಭಾಗ ಹೋಗಬಹುದು, ಕೆನ್ನೆ ಹೋಗಬಹುದು, ಮುಖ ಬದಲಾಗುತ್ತದೆ. ದಯವಿಟ್ಟು ತಡಮಾಡದೆ ಸರ್ಜನ್‌ಗೆ ತೋರಿಸಿ. ಪೇಶೆಂಟ್ ಆಪರೇಶನ್ ಬೇಡವೇ ಬೇಡ ಅಂದರೆ ಮಾತ್ರ ರೇಡಿಯೇಶನ್ ಬಗ್ಗೆ ಯೋಚಿಸಬಹುದು, ಆದರೆ ಅದು ಎರಡನೆಯ ದಾರಿ. ಫೈಲಿನಲ್ಲೂ ಬರೆದರು.

ಮುಖ ಬದಲಾಗುತ್ತದೆ ಅಂದ ಕೂಡಲೇ ನನಗೆ ಉಳಿದ ಮಾತು ದೂರದಿಂದ ಕೇಳಿಸಿತು. ನನ್ನ ಕಣ್ಣ ಮುಂದೆ ಆ ಗುಳಿ. ಅದೇ ಎಡಗೆನ್ನೆ.

ಹೊರಗೆ ಬಂದಾಗ ಭಾವನವರು ಕೇಳಿದರು, "ಏನಂದ್ರು?"

"ಕರೆಂಟ್ ಕೊಡ್ಲಾಕ ಬರ್ತದಂತ್ರಿ," ಅಂದೆ.

ಸುಳ್ಳು ಹೇಳಲಿಲ್ಲ. ಅರ್ಧ ಹೇಳಿದೆ. ನಲವತ್ತು ಮಕ್ಕಳ ಡಿಕ್ಟೇಶನ್ ತಿದ್ದಿದವಳು, ಒಂದು ಸಾಲು ಬಿಟ್ಟವರಿಗೆ ಕೆಂಪು ಗೆರೆ ಹಾಕಿದವಳು, ನಾನೇ ಅರ್ಧ ಪುಟ ಬಿಟ್ಟೆ. ಭಾವನವರು ಎರಡೂ ಕೈ ಎತ್ತಿ ಮುಗಿದರು. "ಕೊಯ್ಯೋದಿಲ್ಲಲ್ಲ, ಸಾಕು. ರಾಶಿ ಮುಗಿಸಿ ಬರ್ತೇವಿ." ಅಕ್ಕ ನನ್ನನ್ನೇ ನೋಡಿದಳು. ಸೆರಗಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು. ಏನೂ ಕೇಳಲಿಲ್ಲ. ನಾನೂ ಅವಳನ್ನು ಏನೂ ಕೇಳಲಿಲ್ಲ.

ಆ ಐದು ವಾರಗಳು ನನಗೆ ಈಗ ಮಂಜಿನಲ್ಲಿ ನೋಡಿದ ಹಾಗೆ. ತೊಗರಿ ರಾಶಿ ನಡೆದಿತ್ತು, ಅಂತ ನೆನಪು. ನಾನು ಬೆಳಿಗ್ಗೆ ಎದ್ದು, ಕೋಟೆಯ ಕಡೆ ನಡೆದು, ಕೆಂಪು ಕಲ್ಲಿನ ಮೇಲೆ ಬಿಸಿಲು ಏರುವುದನ್ನು ನೋಡಿ ವಾಪಸ್ಸು ಬರುತ್ತಿದ್ದೆ. ಎಲ್ಲ ಸರಿಹೋಗುತ್ತದೆ ಅನ್ನಿಸುತ್ತಿತ್ತು. ಫೈಲು ನನ್ನ ಕಪಾಟಿನಲ್ಲಿತ್ತು. ಅದರ ಮೇಲೆ ನಾನು ಇಸ್ತ್ರಿ ಮಾಡಿದ ಸೀರೆ ಇಟ್ಟಿದ್ದೆ.

ಆಮೇಲೆ ಔರಾದದಿಂದ ಅಕ್ಕನ ತಮ್ಮ ಬಂದ. ಅವರ ಕಡೆಯ ಒಂದು ಹಳ್ಳಿಯಲ್ಲಿ ಗಿಡಮೂಲಿಕೆ ಕೊಡುವ ಒಬ್ಬ ಮುದುಕ ಇದ್ದಾನೆ, ಬಾಯಿಹುಣ್ಣಿಗೆ ಹೆಸರಾದವನು, ಕರೆಂಟಿಗೆ ಹೋಗುವ ಮೊದಲು ಒಂದು ಸಲ ತೋರಿಸೋಣ ಅಂತ ಹಠ ಹಿಡಿದ. ನಾನು ಮೂಗು ಮುರಿದೆ. ಅಕ್ಕ ಮಾತ್ರ, "ತವರು ಮನಿ ದಾರಿ ನೋಡಿದ್ಹಂಗಾಗ್ತದ, ನಡೀರಿ," ಅಂದಳು. ಜೀಪಿನಲ್ಲಿ ಹೋದೆವು. ರಸ್ತೆಯ ಎರಡೂ ಕಡೆ ಹುಣಸೆಮರಗಳು, ನಡುನಡುವೆ ಕೊಯ್ದ ಹೊಲಗಳು, ಬಿಸಿಲಿಗೆ ಎಲ್ಲವೂ ತೇಲುತ್ತಿದ್ದ ಹಾಗೆ. ಅಕ್ಕ ಕಿಟಕಿಗೆ ತಲೆ ಆನಿಸಿ ಒಂದೊಂದು ಮರಕ್ಕೂ ಒಂದು ಕಥೆ ಹೇಳಿದಳು. ಈ ಗಿಡದ ಕೆಳಗ ನನ್ನ ಬಳಿ ಒಡದಿದ್ದವು. ಇಲ್ಲಿ ನಮ್ಮಪ್ಪ ಬಂಡಿ ನಿಲ್ಲಿಸಿ ಅತ್ತಿದ್ದ, ನನ್ನ ಕಳಿಸ್ಲಾಕ ಬಂದಾಗ. ಮಾತು ಸ್ವಲ್ಪ ತೊದಲುತ್ತಿತ್ತು, ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ. ನಾನು ಅದನ್ನು ಗಮನಿಸಿದೆ, ಗಮನಿಸಲಿಲ್ಲ.

ಮುದುಕ ಬೇವಿನ ಕಟ್ಟೆಯ ಮೇಲೆ ಕೂತಿದ್ದ. ಎದ್ದು ಕೈ ತೊಳೆದುಕೊಂಡ. "ಬಾಯಿ ತೆಗೀರಿ ಅವ್ವ," ಅಂದ. ತನ್ನ ಮೂರು ಬೆರಳು ನಿಲ್ಲಿಸಿ ತನ್ನ ಬಾಯಿಗೆ ಹಿಡಿದು ತೋರಿಸಿದ, ಇಷ್ಟು ತೆಗೀಬೇಕು ಅಂತ. ಅಕ್ಕ ತನ್ನ ಬೆರಳು ಹಿಡಿದಳು. ಒಂದು ಹೋಯಿತು. ಎರಡನೆಯದು ಹೋಗಲಿಲ್ಲ. ಅವನು ಬಿಸಿಲಿಗೆ ಅವಳ ಮುಖ ತಿರುಗಿಸಿ ಬಹಳ ಹೊತ್ತು ಒಳಗೆ ನೋಡಿದ. ಆಮೇಲೆ ದವಡೆಯ ಕೆಳಗೆ ಮುಟ್ಟಿ ನೋಡಿದ.

"ಇದು ನನ್ನ ಕೈಯಾಂದಲ್ಲರಿ," ಅಂದ. "ಕೊಯ್ಯೋ ಡಾಕ್ಟರಿಗಿ ತೋರಸ್ರಿ. ದಿನ ಕಳೀಬ್ಯಾಡ್ರಿ."

ತಮ್ಮ ಏನೋ ಹೇಳಲು ಹೋದ. ಮುದುಕ ಒಂದು ಲೋಟ ಮಜ್ಜಿಗೆ ತರಿಸಿ ಅಕ್ಕನ ಕೈಗೆ ಕೊಟ್ಟು, ಒಳಗೆ ಹೋಗಿಬಿಟ್ಟ.

ವಾಪಸ್ಸು ಬರುವಾಗ ಅಕ್ಕ ನಗುತ್ತಿದ್ದಳು. "ನೋಡು ಕಾನ್ವೆಂಟ್, ನೀವೆಲ್ಲಾ ನನ್ನ ಬಾಯಿ ಕಾಗದದಾಗ ನೋಡಿದ್ರಿ. ಇವ ಒಬ್ಬವ ಒಳಗ ನೋಡ್ಯಾನ." ಸ್ವಲ್ಪ ಹೊತ್ತಿನ ಮೇಲೆ, "ಆ ಕಾಗದದಾಗ ಪೂರಾ ಏನು ಬರದದ, ಹೇಳ್ತೇನು?"

"ಮನಿಗಿ ಹೋಗಿ ಹೇಳ್ತೇನಿ," ಅಂದೆ. ಮನೆಗೆ ಹೋಗಿ ಹೇಳಲಿಲ್ಲ. ಆದರೆ ಸರ್ಜನ್ ಯಾರಿದ್ದಾರೆ ಅಂತ ಭಾಲ್ಕಿಯ ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದೆ. ಮೊದಲ ದಿನವೇ ಮಾಡಬೇಕಿದ್ದ ಫೋನ್.

ತಿಂಗಳಿಗೆ ಎರಡು ಶನಿವಾರ ಹೈದರಾಬಾದಿನಿಂದ ಬೀದರಿಗೆ ಬರುತ್ತಿದ್ದ ಸರ್ಜನ್ ಆಕೆ. ನಲವತ್ತರ ಹತ್ತಿರದ ಹೆಣ್ಣುಮಗಳು, ಕೂದಲನ್ನು ಪೆನ್ನಿನಿಂದ ಗಂಟು ಹಾಕಿದ್ದಳು. ನಾವು ಎಂದಿನಂತೆ ಅಕ್ಕನನ್ನು ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದೆವು. ನಾನು 'ಗುಡ್ ಮಾರ್ನಿಂಗ್ ಡಾಕ್ಟರ್, ಐ ಶಲ್ ಎಕ್ಸ್‌ಪ್ಲೇನ್' ಅನ್ನುತ್ತಿದ್ದ ಹಾಗೆ ಆಕೆ ಕೈ ಎತ್ತಿದಳು.

"ಪೇಶೆಂಟ್ ಎಲ್ಲಿ?"

ಅಕ್ಕ ಒಳಗೆ ಬಂದಳು. ಡಾಕ್ಟರ್ ಕುರ್ಚಿಯನ್ನು ಎಳೆದು ಅವಳ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. "ಅಮ್ಮಾ, ತುಮೇ ಬೋಲೋ. ಕ್ಯಾ ತಕ್ಲೀಫ್ ಹೈ?"

ನೀವೇ ಹೇಳಿ, ಏನು ತೊಂದರೆ ಅಂತ. ದಖನಿ, ನಮ್ಮ ಕಡೆಯ ಉರ್ದು! ಔರಾದದಲ್ಲಿ ಹುಟ್ಟಿದವಳಿಗೆ ದಖನಿ ಬಾರದೇ ಇರುತ್ತದೆಯೇ? ಬಳೆಗಾರನ ಜೊತೆ, ಹಾಸಿಗೆ ಮಾಡುವವನ ಜೊತೆ, ಅರ್ಧ ಆಯುಷ್ಯ ಆ ಭಾಷೆಯಲ್ಲೇ ಚೌಕಾಶಿ ಮಾಡಿದವಳು. ಅಕ್ಕ ಸೆರಗು ಕೆಳಗಿಳಿಸಿದಳು. ಯಾವಾಗಿನಿಂದ, ಎಲ್ಲಿ, ಎಷ್ಟು, ಮಿಶ್ರಿ ದಿನಕ್ಕೆ ಎಷ್ಟು ಸಲ, ಎಲ್ಲ ಹೇಳಿದಳು. ಡಾಕ್ಟರ್ ಬೈಯಲಿಲ್ಲ. ಕೈಗವಸು ಹಾಕಿ ಕೆನ್ನೆಯನ್ನು ಒಳಗೊಂದು ಹೊರಗೊಂದು ಬೆರಳಿಟ್ಟು ಹಿಡಿದು ನೋಡಿದಳು, ನಾಲಿಗೆ ಹೊರಗೆ ಚಾಚಿಸಿ ನೋಡಿದಳು, ಕುತ್ತಿಗೆಯನ್ನು ಹಿಂದಿನಿಂದ ಎರಡೂ ಕೈಯಲ್ಲಿ ತಡವಿದಳು. ನಾನು ನನ್ನ ಇಂಗ್ಲಿಷನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು ಕೂತಿದ್ದೆ. ಯಾರಿಗೂ ಬೇಕಾಗಿರಲಿಲ್ಲ.

ಖಾಲಾಳ ಗಂಡನ ಸಂಗತಿ ಹೇಳಿದೆ. ಡಾಕ್ಟರ್ ತಲೆಯಾಡಿಸಿದಳು. "ಗಂಟಲಿನದು ಬೇರೆ, ಗಲ್ಲದ್ದು ಬೇರೆ ಅಮ್ಮ. ಎರಡೂ ಒಂದೇ ಗಲ್ಲಿಯಲ್ಲಿವೆ, ಮನೆ ಬೇರೆ ಬೇರೆ. ಅಲ್ಲಿ ಕರೆಂಟು ಧ್ವನಿ ಉಳಿಸುತ್ತದೆ. ಇಲ್ಲಿ ಬರೀ ಕರೆಂಟನ್ನು ನಂಬಿ ಕೂತರೆ ಎಲುಬಿನ ಹತ್ತಿರ ರೋಗ ಉಳಿದುಬಿಡಬಹುದು." ಸ್ಕ್ಯಾನ್ ಬರಲಿ, ಆಮೇಲೆ ತಾನೊಬ್ಬಳೇ ನಿರ್ಧರಿಸುವುದಿಲ್ಲ ಅಂದಳು. ಕಾಲಿನ ಎಲುಬು ತೆಗೆದು ದವಡೆ ಕಟ್ಟುವವರು, ಕರೆಂಟಿನವರು, ಹಲ್ಲಿನವರು, ಆಮೇಲೆ ನುಂಗಲು ಮಾತಾಡಲು ಕಲಿಸುವವರು, ಎಲ್ಲ ಒಂದು ಟೇಬಲ್ಲಿಗೆ ಕೂತು ಮಾತಾಡುತ್ತೇವೆ.

ಅಷ್ಟು ಹೇಳಿ ಫೈಲು ತಿರುವಿದಳು. ಒಂದು ಪುಟದಲ್ಲಿ ನಿಂತಳು.

"ಐದು ವಾರದ ಹಿಂದೆಯೇ ಸರ್ಜನ್‌ಗೆ ತೋರಿಸಿ ಅಂತ ಬರೆದಿದ್ದಾರಲ್ಲ? ಯಾಕೆ ತಡವಾಯಿತು?"

ಭಾವನವರು ನನ್ನ ಕಡೆ ತಿರುಗಿದರು. ಅಂಥ ನೋಟ ನಾನು ಆ ಮನುಷ್ಯನ ಮುಖದಲ್ಲಿ ಅದಕ್ಕೆ ಮೊದಲು ನೋಡಿರಲಿಲ್ಲ, ಸಿಟ್ಟಲ್ಲ, ದಾರಿ ತಪ್ಪಿದವನ ನೋಟ.

"ತೂರ್ ಕೀ ರಾಸ್ ಥೀ ಮೇಡಂ," ಅಂದಳು ಅಕ್ಕ. ತೊಗರಿ ರಾಶಿ ಇತ್ತು. ನನ್ನ ಕಡೆ ನೋಡದೆ ಅಂದಳು. ಅಂದು, ಕೂಡಲೇ ಕೇಳಿದಳು, "ಮೇರೀ ಜಬಾನ್?"

ನನ್ನ ನಾಲಿಗೆ?

ಡಾಕ್ಟರ್ ಪೆನ್ನು ಕೆಳಗಿಟ್ಟಳು. ನಾಲಿಗೆ ಸ್ವಚ್ಛ ಇದೆ, ಈಗ ಮುಟ್ಟಬೇಕಾಗಿಲ್ಲ ಅನ್ನಿಸುತ್ತದೆ, ಆದರೆ ಇನ್ನೂ ತಡಮಾಡಿದರೆ ಆ ಮಾತು ಕೊಡಲಾರೆ ಅಂದಳು. ಮುಖದ ಬಗ್ಗೆಯೂ ಮುಚ್ಚಿಡಲಿಲ್ಲ. ಈ ಕಡೆ ತಗ್ಗಾಗುತ್ತದೆ, ತುಟಿಯಿಂದ ಕುತ್ತಿಗೆಯ ತನಕ ಗೆರೆ ಉಳಿಯುತ್ತದೆ, ಒಣಗಿದ ಕಟಿ ರೊಟ್ಟಿ ಅಗಿಯಲು ಆಗಲಿಕ್ಕಿಲ್ಲ, ಆಮೇಲೆ ಕರೆಂಟೂ ಬೇಕಾಗಬಹುದು, ಆಗ ಬಾಯಿ ಒಣಗುತ್ತದೆ. ಮಾತು ಬರುತ್ತದೆ, ಆದರೆ ಹೊಸದಾಗಿ ಕಲಿಯಬೇಕು.

"ಜಬಾನ್ ರಹತೀ ನಾ?" ನಾಲಿಗೆ ಇರ್ತದಲ್ಲ?

"ರಹತೀ."

"ತೋ ಕಾಟೋ. ಕಬ್ ಆನಾ?"

ಹಾಗಿದ್ದರೆ ಕೊಯ್ಯಿರಿ, ಯಾವಾಗ ಬರಬೇಕು ಅಂತ. ಅಷ್ಟೇ ಹೊತ್ತು ಹಿಡಿಯಿತು. ನಾನು ಐದು ವಾರ ಕಪಾಟಿನಲ್ಲಿ ಮುಚ್ಚಿಟ್ಟ ನಿರ್ಧಾರವನ್ನು ಅವಳು ಒಂದು ಉಸಿರಿನಲ್ಲಿ ಮಾಡಿದಳು. ಮುಖದ ಬಗ್ಗೆ ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಭಾವನವರು ಸ್ಕ್ಯಾನಿನ ಚೀಟಿ ತರಲು ಹೋದಾಗ, ಹೊರಗೆ ಅದೇ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ. ಡಾಕ್ಟರ ಮಾತು ಅರ್ಧ ನುಂಗಿದ್ದು, ಅವಳ ಗುಳಿ, ನನ್ನ ಭಯ. ಅಳುತ್ತ ಹೇಳಿದೆ. ಕಾನ್ವೆಂಟಿನಲ್ಲಿ ಅಳುವಾಗ ಸಪ್ಪಳ ಮಾಡಬಾರದು ಅಂತ ಕಲಿಸಿದ್ದರು, ಅದೂ ಮರೆತುಹೋಯಿತು.

ಅಕ್ಕ ತನ್ನ ಸೆರಗಿನ ತುದಿಯನ್ನು ನನ್ನ ಕೈಗೆ ಕೊಟ್ಟಳು.

"ನನ್ನ ಗುಳಿ ನಿನಗ ಕಾಣ್ತಿತ್ತು. ನನಗ ಎಲ್ಲಿ ಕಾಣ್ತಿತ್ತು?" ಅಂದಳು. "ನಮ್ಮನಿ ಕನ್ನಡಿ ನಿನ್ನ ಭಾವ ದಾಡಿ ಮಾಡೋ ಎತ್ತರಕ್ಕ ಅದ. ನಂಗ ಅದರಾಗ ಬರೀ ಹಣಿ ಕಾಣ್ತದ. ಕುಂಕುಮ ನೆಟ್ಟಗ ಅದನೋ ಇಲ್ಲೋ ನೋಡ್ಕೋತೇನಿ, ಹೋಗ್ತೇನಿ."

ನಾನು ಮೂಗು ಒರೆಸಿಕೊಂಡೆ.

"ನೀ ನನ್ನ ಕೇಳಬೇಕಿತ್ತು ತಂಗಿ."

ಅದೊಂದು ಮಾತು. ಮೆಲ್ಲಗೆ ಅಂದಳು. ನನ್ನ ಇಡೀ ಬದುಕಿನಲ್ಲಿ ಯಾರೂ ನನಗೆ ಅಷ್ಟು ಗಟ್ಟಿಯಾಗಿ ಬೈದಿಲ್ಲ.

ಆಮೇಲೆ ಮೊಣಕೈಯಿಂದ ತಿವಿದಳು. "ಎಷ್ಟು ಮಾರ್ಕ್ಸ್ ಕೊಡ್ಲಿ ನಿಂಗ?"

"ಝೀರೋ."

"ಬ್ಯಾಡ. ನಪಾಸ್ ಮಾಡಿದ್ರ ಮತ್ತ ಅದೇ ಕ್ಲಾಸಿನಾಗ ಕುಂಡ್ರತಿ." ಸೊಂಟದಿಂದ ಮಿಶ್ರಿ ಡಬ್ಬಿ ತೆಗೆದು ನನ್ನ ಕೈಗಿಟ್ಟಳು. "ಹಿಡಿ. ನಾಳಿಂದ ನಂಗ ಬ್ಯಾಡ. ನೀ ಮತ್ತ ತಿಕ್ಕಿಗಿಕ್ಕೀಯ."

ಆಪರೇಶನ್ ದೊಡ್ಡದು, ಇಡೀ ದಿನ ನಡೆಯಿತು. ದವಡೆಯ ಒಂದು ತುಂಡು ಹೋಯಿತು, ಕೆನ್ನೆಯ ಒಳಗೂ ಹೊರಗೂ ಹೋಯಿತು, ಕುತ್ತಿಗೆಯ ಗಂಟುಗಳು ಹೋದವು. ಐದು ವಾರ ಮೊದಲು ಬಂದಿದ್ದರೆ ದವಡೆ ಉಳಿಯುತ್ತಿತ್ತೇ ಅಂತ ನಾನು ಡಾಕ್ಟರನ್ನು ಒಂಟಿಯಾಗಿ ಹಿಡಿದು ಕೇಳಿದೆ. "ಹೇಳಲಾಗದು," ಅಂದಳು ಆಕೆ, "ಈಗ ಆಕೆಗೆ ಊಟ ಕಲಿಸೋಣ." ಅದು ದಯೆಯೋ ಉತ್ತರವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಕರೆಂಟೂ ಆಯಿತು. ಕರೆಂಟು ಕೊಟ್ಟವರು ಯಾರು ಅಂದುಕೊಂಡಿರಿ, ಅದೇ ನನ್ನ ಇಸ್ತ್ರಿ ಮಾಡಿದ ಇಂಗ್ಲಿಷಿನ ಡಾಕ್ಟರ್. ಅಕ್ಕ ಅವರಿಗೆ ದಖನಿ ಕಲಿಸಿದಳು.

ಬಾಯಿ ತೆರೆಯುವ ವ್ಯಾಯಾಮಕ್ಕೆ ಐಸ್‌ಕ್ರೀಮಿನ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಡಬೇಕಿತ್ತು. ನಾನು ಮೆಹಕರದಲ್ಲಿ ಎರಡು ತಿಂಗಳು ಇದ್ದೆ. ಬೆಳಿಗ್ಗೆ ಡಬ್ಬಿಯ ಸಪ್ಪಳವಿಲ್ಲ, ಎಚ್ಚರವೇ ಆಗುತ್ತಿರಲಿಲ್ಲ ನನಗೆ. ಎದ್ದು ಬಂದರೆ ಅಂಗಳದಲ್ಲಿ ಅಕ್ಕ, ಎಳೆ ಬಿಸಿಲಿನಲ್ಲಿ, ಬಾಯಲ್ಲಿ ಕಡ್ಡಿಗಳ ಕಂತೆ, ಕಣ್ಣಲ್ಲಿ ನೀರು. ನಾನು ನನ್ನ ಹಳೆಯ ಎಲೊಕ್ಯೂಶನ್ ಪಾಠಗಳನ್ನು ತೆಗೆದೆ. 'ಪ' ಅನ್ನು, 'ಬ' ಅನ್ನು. ತುಟಿ ಕೂಡುತ್ತಿರಲಿಲ್ಲ, ಗಾಳಿ ಸೋರುತ್ತಿತ್ತು. ಅವಳು ಏನಾದರೂ ಹೇಳಿ ನನಗೆ ತಿಳಿಯದಿದ್ದಾಗ ನಾನು "ಹ್ಞೂಂ, ಹ್ಞೂಂ" ಅಂದುಬಿಡುತ್ತಿದ್ದೆ. ಅವಳಿಗೆ ಗೊತ್ತಾಗುತ್ತಿತ್ತು. ಬೆರಳು ಎತ್ತಿ ತೋರಿಸುತ್ತಿದ್ದಳು, ಕೇಳು, ತಿಳೀದಿದ್ರ ಕೇಳು.

ಆಮೇಲೆ ಐದು ತೊಗರಿ ರಾಶಿ ನೋಡಿದಳು ಅವಳು. ಮುಖದ ಎಡಭಾಗ ಒಳಗೆ ಎಳೆದುಕೊಂಡು, ಬಾಯಿ ಒಂದು ಕಡೆ ಜಾರಿ. ಗುಳಿ ಇದ್ದ ಜಾಗದಲ್ಲಿ ತೊಡೆಯ ಚರ್ಮದ ಒಂದು ಬಿಳಿಚ ತೇಪೆ. ಮೊದಮೊದಲು ನಾನು ಅದನ್ನು ನೋಡದೆ ಮಾತಾಡುತ್ತಿದ್ದೆ. ಆಮೇಲೆ ಅದೇ ಅವಳ ಮುಖವಾಯಿತು, ಹಳೆಯದನ್ನು ನೆನೆಯಲು ಫೋಟೋ ತೆಗೆಯಬೇಕು.

ಅವಳು ತೀರಿಹೋಗುವ ಮೊದಲು ಕೊನೆಯ ಸಲ ನೋಡಿದ್ದು ಭಾಲ್ಕಿಯಲ್ಲಿ, ನೆಂಟರೊಬ್ಬರ ಮದುವೆಯಲ್ಲಿ. ಹೆಂಗಸರು ಬಾಗಿಲು ಕಟ್ಟಿ ಕೂತಿದ್ದರು, ಒಡಪು ಹೇಳದೆ ಬಿಡೆವು ಅಂತ. ಅಕ್ಕನ ಸರದಿ ಬಂದಾಗ ಯಾರೋ, "ಪಾಪ, ಆಕಿಗಿ ಬ್ಯಾಡ್ರಿ," ಅಂದರು. ಅಕ್ಕ ಸೆರಗು ಕೆಳಗೆ ಎಳೆದು, ಇಡೀ ಮುಖ ತೋರಿಸಿ, ನಿಂತಳು. "ಅಂಗಳದಾಗ ಒಣಾ ಹಾಕೀನಿ ಬ್ಯಾಳಿ, ಇವರ ಹೆಸರು ತೊದಲಿ ಹೇಳ್ತೇನಿ, ಕಿವಿ ಕೊಟ್ಟು ಕೇಳಿ!" ಪ್ರತಿ ಅಕ್ಷರದಲ್ಲೂ ಗಾಳಿ ಸೋರಿತು. ಆದರೂ ಭಾವನವರ ಹೆಸರು ಬಾಗಿಲಿನಾಚೆಗೆ, ಗಂಡಸರು ಕೂತಲ್ಲಿಗೆ ಕೇಳಿಸಿತು. ಆ ಕಡೆಯಿಂದ ಒಂದು ಕೆಮ್ಮು ಬಂತು. ಹೆಂಗಸರು ಚೀರಿ ನಕ್ಕರು.

ನನಗೆ ಸಂಜೆಯ ಬಸ್ಸು. ಅಕ್ಕ ಸ್ಟ್ಯಾಂಡಿನ ತನಕ ಬಂದಳು. ನಾನು ಹತ್ತಿ ಕಿಟಕಿಯ ಹತ್ತಿರ ಕೂತೆ. ಗಾಜು ಜಾಮ್ ಆಗಿತ್ತು, ಎಷ್ಟು ತಳ್ಳಿದರೂ ಸರಿಯಲಿಲ್ಲ. ಇಳಿಬಿಸಿಲು ಗಾಜಿನ ಧೂಳಿನ ಮೇಲೆ ಬಿದ್ದು ಅವಳ ಮುಖ ಬಂಗಾರದ ಮಬ್ಬಿನಲ್ಲಿ ತೇಲುತ್ತಿತ್ತು. ಅವಳು ಹತ್ತಿರ ಬಂದು ಉಗುರಿನಿಂದ ಗಾಜು ಬಡಿದಳು. ಟಿಕ್, ಟಿಕ್, ಟಿಕ್. ತಡೆದು, ಮತ್ತೊಂದು. ನಾನು ಬಗ್ಗಿದೆ. ಅವಳು ಏನೋ ಹೇಳಿದಳು. ಉದ್ದದ ಮಾತೇ, ಪ್ರಾಸ ಇದ್ದ ಹಾಗಿತ್ತು. ಕೊನೆಯಲ್ಲಿ ನಕ್ಕಳು. ಇಂಜಿನ್ನಿನ ಸದ್ದಿನಲ್ಲಿ ನನಗೆ ಒಂದು ಅಕ್ಷರವೂ ಕೇಳಲಿಲ್ಲ. ಎದ್ದು ಬಾಗಿಲ ತನಕ ಹೋಗಿ ಕೇಳಬಹುದಿತ್ತು, ಹೊತ್ತಿತ್ತು, ಕಂಡಕ್ಟರ್ ಇನ್ನೂ ಕೆಳಗೆ ನಿಂತು ಚಹಾ ಕುಡಿಯುತ್ತಿದ್ದ. ನಾನು ಕೂತಲ್ಲೇ ನಕ್ಕು, "ಹ್ಞೂಂ, ಹ್ಞೂಂ," ಅಂತ ತಲೆಯಾಡಿಸಿದೆ. ಅವಳು ಬೆರಳು ಎತ್ತಿದಳು, ಗದರಿಸುವ ಹಾಗೆ. ಅಷ್ಟರಲ್ಲಿ ಕಂಡಕ್ಟರ್ ಹತ್ತಿದ, ಬಸ್ಸು ಹೊರಟಿತು.